ಜಿಪಿಎಸ್ ವಾಚು ಮತ್ತು ನಮ್ಮ ಮಕ್ಕಳ ಓಟ

(ಸಂಘದ ವಾರ್ಷಿಕ ಮಹಾಸಭೆಯ ಅಂಗವಾಗಿ ನಡೆದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಶಿಕ್ಷಣಕ್ಕಾಗಿ ಇರುವ ಸಂಘದ ಸಭೆಯಲ್ಲಿ ಓಟದ ಬಗ್ಗೆ, ಅದರಲ್ಲೂ ಓಡುವವರು ಕೈಗೆ ಕಟ್ಟಿಕೊಳ್ಳುವ ಜಿಪಿಎಸ್ ವಾಚಿನ ಬಗ್ಗೆ ಮಾತನಾಡುವುದು ಎಷ್ಟು ಸರಿ ಎಂದು ಕೆಲವರಿಗೆ ಅನಿಸಬಹುದು. ಆದರೆ ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಪೊಲೀಸ್ ಇಲಾಖೆಗೆ, ಸೇನೆಗೆ, ಕೇಂದ್ರ ಪಡೆಗಳಿಗೆ ಅರ್ಜಿ ಹಾಕಬೇಕೆಂದಿರುವವರು ಇದ್ದಾರೆ. ಲಿಖಿತ ಪರೀಕ್ಷೆಗೆ ನಾವು ಪುಸ್ತಕ ಕೊಡಿಸುತ್ತೇವೆ, ತರಬೇತಿ ತರಗತಿ ನಡೆಸುತ್ತೇವೆ, ಮಾದರಿ ಪ್ರಶ್ನೆಪತ್ರಿಕೆ ಬರೆಸುತ್ತೇವೆ. ಆದರೆ ದೈಹಿಕ ಪರೀಕ್ಷೆಯ ಮೈದಾನಕ್ಕೆ ಮಗುವನ್ನು ಒಂಟಿಯಾಗಿ ಕಳುಹಿಸುತ್ತೇವೆ. ವರ್ಷಗಟ್ಟಲೆ ಓದಿದ ಶ್ರಮ ಅಲ್ಲಿ ಹತ್ತು ಸೆಕೆಂಡಿನಲ್ಲಿ ಕೈಜಾರಿ ಹೋಗಬಹುದು. ಆ ಹತ್ತು ಸೆಕೆಂಡಿನ ಬಗ್ಗೆಯೇ ಇಂದು ನಾನು ಮಾತನಾಡುವುದು.

ಇನ್ನೊಂದು ಕಾರಣವೂ ಇದೆ. ದೇಹವು ಅಲ್ಲಾಹನು ನಮಗೆ ಒಪ್ಪಿಸಿರುವ ಅಮಾನತ್ ಎಂದು ನಾವು ನಂಬುತ್ತೇವೆ. ಪ್ರವಾದಿಯವರು(ಸ) ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಮೊದಲ ಸಲ ಆಯಿಶಾ(ರ) ಮುಂದಾದರು, ನಂತರದ ಸಲ ಪ್ರವಾದಿಯವರು(ಸ) ಮುಂದಾದರು. ಆದ್ದರಿಂದ ಓಟ ನಮಗೆ ಹೊರಗಿನಿಂದ ಬಂದದ್ದಲ್ಲ, ಗಂಡು ಮಕ್ಕಳಿಗಷ್ಟೇ ಮೀಸಲಾದದ್ದೂ ಅಲ್ಲ.

ವಾಚಿಗೆ ದಾರಿ ತಿಳಿಯುವುದು ಹೇಗೆ?

ಮೊದಲು ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯೋಣ. ಕೆಲಸ ತಿಳಿದರೆ ಅದರ ಮಿತಿಯೂ ತಾನಾಗಿಯೇ ತಿಳಿಯುತ್ತದೆ.

ಜಿಪಿಎಸ್ ಎಂಬುದು ಅಮೆರಿಕದ ಸೇನೆ ನಡೆಸುವ ಉಪಗ್ರಹ ವ್ಯವಸ್ಥೆ. ಅದರ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ವ್ಯವಸ್ಥೆ ಪೂರ್ಣಪ್ರಮಾಣದಲ್ಲಿ ಸಿದ್ಧವಾದದ್ದು 1995ರಲ್ಲಿ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಈ ಉಪಗ್ರಹಗಳು ದಿನಕ್ಕೆ ಎರಡು ಸುತ್ತು ಬರುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. ‘ನಾನು ಇಂಥ ಜಾಗದಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಅವು ಸದಾ ಸಾರುತ್ತಲೇ ಇರುತ್ತವೆ. ನಮ್ಮ ಕೈಯ ವಾಚು ಅದನ್ನು ಕೇಳಿಸಿಕೊಳ್ಳುತ್ತದೆ. ಸಂಕೇತ ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಆ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತದೆ. ಹೀಗೆ ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಗೊತ್ತಾದರೆ ಭೂಮಿಯ ಮೇಲೆ ನಾವು ನಿಂತಿರುವ ಜಾಗ ಸಿಗುತ್ತದೆ. ಮೂರು ಅಳತೆಗಳು ಸ್ಥಳಕ್ಕೆ, ನಾಲ್ಕನೆಯದು ವಾಚಿನೊಳಗಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳುವುದಕ್ಕೆ.

ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಸಮಯ ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪಾಗುತ್ತದೆ. ಉಪಗ್ರಹದಲ್ಲಿರುವ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ ಲೆಕ್ಕ ಹಾಕಿ ಇದನ್ನು ಸರಿಪಡಿಸದಿದ್ದರೆ ದಿನಕ್ಕೆ ಹತ್ತು ಕಿಲೋಮೀಟರಿಗೂ ಹೆಚ್ಚು ತಪ್ಪು ಸೇರುತ್ತಾ ಹೋಗುತ್ತಿತ್ತು. ವಿಜ್ಞಾನ ಓದುವ ವಿದ್ಯಾರ್ಥಿಗಳೇ, ಪಠ್ಯಪುಸ್ತಕದಲ್ಲಿ ಒಣಗಿದಂತೆ ಕಾಣುವ ಸೂತ್ರವೊಂದು ನಿಮ್ಮ ಮಣಿಕಟ್ಟಿನ ಮೇಲೆ ದುಡಿಯುತ್ತಿರುತ್ತದೆ.

2000ದ ಮೇ ತಿಂಗಳವರೆಗೆ ಅಮೆರಿಕ ಸರಕಾರ ಸಾರ್ವಜನಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕು ಮಾಡಿ ಕೊಡುತ್ತಿತ್ತು. ಆ ಕಟ್ಟುಪಾಡು ತೆಗೆದ ಮೇಲೆಯೇ ಓಟಗಾರನ ವಾಚು ಉಪಯೋಗಕ್ಕೆ ಬರುವಂತಾದದ್ದು. ಕ್ಯಾಸಿಯೋ ಕಂಪನಿ 1999ರಲ್ಲೇ ಜಿಪಿಎಸ್ ಇರುವ ಕೈಗಡಿಯಾರ ತಂದಿತ್ತು. ಗಾರ್ಮಿನ್ ಕಂಪನಿಯ ಫೋರ್‌ರನ್ನರ್ ವಾಚುಗಳು 2003ರಲ್ಲಿ ಓಟಗಾರರಿಗೆಂದೇ ಬಂದವು. ಇಂದು ರಷ್ಯಾದ ಗ್ಲೋನಾಸ್, ಯೂರೋಪಿನ ಗೆಲಿಲಿಯೋ, ಚೀನಾದ ಬೈದು ಉಪಗ್ರಹಗಳ ಸಂಕೇತವನ್ನೂ ಅನೇಕ ವಾಚುಗಳು ಹಿಡಿಯುತ್ತವೆ. ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಇಸ್ರೋದ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲಿದೆ, ನಾವಿಕ್‌ನ ಸಂಚಾರ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ. ಓಡುವುದನ್ನು ಬಿಟ್ಟು ಆ ಕೇಂದ್ರಗಳಲ್ಲಿ ಕೆಲಸ ಮಾಡುವ ಆಸೆ ಯಾರಿಗಾದರೂ ಹುಟ್ಟಿದರೆ ನನ್ನ ಅಭ್ಯಂತರವೇನೂ ಇಲ್ಲ.

‘ನಾನು ಎಲ್ಲಿದ್ದೇನೆ?’ ಎಂಬ ಹಳೆಯ ಪ್ರಶ್ನೆ

‘ನಾನು ಎಲ್ಲಿದ್ದೇನೆ, ಈಗ ಸಮಯವೆಷ್ಟು?’ ಈ ಎರಡು ಪ್ರಶ್ನೆಗಳು ಮುಸ್ಲಿಮರಿಗೆ ಹೊಸತಲ್ಲ. ನಮಾಝಿನ ಸಮಯಕ್ಕೆ ಒಂದು ಬೇಕು, ಕಿಬ್ಲಾದ ದಿಕ್ಕಿಗೆ ಇನ್ನೊಂದು ಬೇಕು. ದಮಾಸ್ಕಸ್‌ನ ಉಮಯ್ಯ ಮಸೀದಿಯಲ್ಲಿ ಸಮಯ ನಿರ್ಣಯಿಸುವ ‘ಮುವಕ್ಕಿತ್’ ಆಗಿದ್ದ ಇಬ್ನುಶ್ಶಾತಿರ್ 14ನೆಯ ಶತಮಾನದ ದೊಡ್ಡ ಖಗೋಳ ವಿಜ್ಞಾನಿ. ಆ ಮಸೀದಿಯ ಮಿನಾರಕ್ಕಾಗಿ ಅವರು ದೊಡ್ಡದೊಂದು ನೆರಳು ಗಡಿಯಾರವನ್ನು ರಚಿಸಿದ್ದರು. ಅವರಿಗಿಂತ ಮೂರು ಶತಮಾನ ಮೊದಲು ಅಲ್‌ಬಿರೂನಿ ಗಝ್ನಿ ಪಟ್ಟಣದ ಕಿಬ್ಲಾ ನಿರ್ಧರಿಸುವುದಕ್ಕೆಂದು ಊರುಗಳ ಅಕ್ಷಾಂಶ ರೇಖಾಂಶಗಳ ಬಗ್ಗೆ ಒಂದು ಇಡೀ ಗ್ರಂಥವನ್ನೇ ಬರೆದರು. 1025ರಲ್ಲಿ ಮುಗಿದ ಆ ಗ್ರಂಥದ ಹೆಸರು ‘ತಹ್ದೀದ್’ ಎಂದು ಪ್ರಸಿದ್ಧವಾಗಿದೆ.

ಈ ಹೆಸರುಗಳನ್ನು ನಾನು ಎತ್ತಿದ್ದು ಹಿಂದಿನವರ ಹಿರಿಮೆ ಹೇಳಿ ಚಪ್ಪಾಳೆ ಗಿಟ್ಟಿಸಲಿಕ್ಕಲ್ಲ. ಅಲ್‌ಬಿರೂನಿಯವರ ಕೆಲಸದ ಕ್ರಮವನ್ನು ಗಮನಿಸಿ. ಅವರು ಒಂದೇ ಲೆಕ್ಕವನ್ನು ನಂಬಿ ಕೂರಲಿಲ್ಲ. ಒಂದೇ ಊರಿನ ಸ್ಥಾನವನ್ನು ಬೇರೆ ಬೇರೆ ದಾರಿಗಳಿಂದ ಲೆಕ್ಕ ಹಾಕಿ, ಉತ್ತರಗಳನ್ನು ಹೋಲಿಸಿ ನೋಡಿದರು. ಉಪಕರಣ ಹೇಳಿದ ಮಾತ್ರಕ್ಕೆ ಒಪ್ಪಬೇಡ, ಇನ್ನೊಂದು ಅಳತೆಯಿಂದ ಪರೀಕ್ಷಿಸು ಎಂಬ ಈ ಅಭ್ಯಾಸವೇ ವಿದ್ಯೆ. ವಾಚು ಕಟ್ಟಿಕೊಂಡ ಓಟಗಾರನಿಗೂ ಬೇಕಾದದ್ದು ಇದೇ. ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ ವಾಚು ಒಬ್ಬ ಸಾಕ್ಷಿ. ಸಾಕ್ಷಿಯ ಹೇಳಿಕೆಯನ್ನು ಪಾಟೀಸವಾಲಿಗೆ ಒಳಪಡಿಸದೆ ತೀರ್ಪು ಬರೆಯಬಾರದು.

ಹತ್ತು ಸೆಕೆಂಡಿನ ಲೆಕ್ಕ

ತೆರೆದ ಆಕಾಶದ ಕೆಳಗೆ ಒಳ್ಳೆಯ ವಾಚಿನ ಸ್ಥಳ ನಿರ್ಣಯ ಕೆಲವು ಮೀಟರುಗಳಷ್ಟು ಆಚೀಚೆ ಇರುತ್ತದೆ. ತೆಂಗಿನ ತೋಟದ ನಡುವಿನ ದಾರಿ, ಎರಡೂ ಬದಿ ಎತ್ತರದ ಕಟ್ಟಡಗಳಿರುವ ಬೀದಿ, ಗುಡ್ಡದ ಮಗ್ಗುಲು ಇಲ್ಲೆಲ್ಲ ತಪ್ಪು ಹೆಚ್ಚಾಗುತ್ತದೆ. ಸಂಕೇತ ನೇರವಾಗಿ ಬಾರದೆ ಗೋಡೆಗೆ ಬಡಿದು ಬಂದರೆ ವಾಚು ಮೋಸ ಹೋಗುತ್ತದೆ. ನೀವು ನೇರವಾಗಿ ಓಡಿದ್ದರೂ ವಾಚು ದಾಖಲಿಸಿದ ಬಿಂದುಗಳು ಹಾವಿನಂತೆ ಅಂಕುಡೊಂಕಾಗಿರುತ್ತವೆ. ಅಂಕುಡೊಂಕಾದ ಗೆರೆ ನೇರ ಗೆರೆಗಿಂತ ಉದ್ದ. ಆದ್ದರಿಂದ ಓಡಿದ್ದಕ್ಕಿಂತ ಹೆಚ್ಚು ದೂರ ತೋರಿಸಬಹುದು. ತಿರುವುಗಳಲ್ಲಿ ಇದಕ್ಕೆ ವಿರುದ್ಧವಾಗಿ ಮೂಲೆಗಳನ್ನು ಕತ್ತರಿಸಿ ಕಡಿಮೆ ತೋರಿಸುವುದೂ ಉಂಟು. ಮೈದಾನದ ಸುತ್ತು ಸುತ್ತಾಗಿ ಓಡುವವರಿಗೆ ಎರಡೂ ತಪ್ಪುಗಳು ಒಟ್ಟಿಗೆ ಬರುತ್ತವೆ.

ಈಗ ಲೆಕ್ಕ ನೋಡಿ. ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಹುದ್ದೆಗೆ ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಆಯ್ಕೆಯಲ್ಲಿ ಪುರುಷರು 5 ಕಿಲೋಮೀಟರ್ ದೂರವನ್ನು 24 ನಿಮಿಷದೊಳಗೆ, ಮಹಿಳೆಯರು 1.6 ಕಿಲೋಮೀಟರ್ ದೂರವನ್ನು ಎಂಟೂವರೆ ನಿಮಿಷದೊಳಗೆ ಓಡಬೇಕೆಂಬ ನಿಯಮ ಕಳೆದ ವರ್ಷಗಳ ಪ್ರಕಟಣೆಗಳಲ್ಲಿ ಇದೆ. ನೀವು ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನು ತಪ್ಪದೆ ಓದಿಕೊಳ್ಳಿ. ಒಬ್ಬ ಹುಡುಗ ರಸ್ತೆಯಲ್ಲಿ ವಾಚು ನೋಡಿಕೊಂಡು ಅಭ್ಯಾಸ ಮಾಡುತ್ತಾನೆ ಎಂದಿಟ್ಟುಕೊಳ್ಳೋಣ. ವಾಚು 5 ಕಿಲೋಮೀಟರ್ ತೋರಿಸುವಾಗ 23 ನಿಮಿಷ 45 ಸೆಕೆಂಡ್. ಅವನಿಗೆ ಸಂತೋಷ, ತಂದೆತಾಯಿಗೂ ಸಂತೋಷ. ಆದರೆ ವಾಚು ಶೇಕಡಾ 2ರಷ್ಟು ಹೆಚ್ಚು ತೋರಿಸುತ್ತಿದ್ದರೆ? ನೆಲದ ಮೇಲೆ ಅವನು ಓಡಿದ್ದು ಸುಮಾರು 4,900 ಮೀಟರ್ ಮಾತ್ರ. ಉಳಿದ 100 ಮೀಟರಿಗೆ ಅದೇ ವೇಗದಲ್ಲಿ 29 ಸೆಕೆಂಡ್ ಬೇಕು. ಅವನ ನಿಜವಾದ ಸಮಯ 24 ನಿಮಿಷ 14 ಸೆಕೆಂಡ್. ವಾಚಿನಲ್ಲಿ ಪಾಸಾದ ಹುಡುಗ ಮೈದಾನದಲ್ಲಿ ಫೇಲ್.

ಹೆಣ್ಣುಮಗಳ ಲೆಕ್ಕವೂ ಹೀಗೆಯೇ. 1.6 ಕಿಲೋಮೀಟರಿಗೆ ವಾಚಿನಲ್ಲಿ 8 ನಿಮಿಷ 25 ಸೆಕೆಂಡ್ ಬಂದಿದ್ದರೆ, ಶೇಕಡಾ 2ರ ತಪ್ಪು ಎಂದರೆ 32 ಮೀಟರ್, ಅಂದರೆ ಸುಮಾರು 10 ಸೆಕೆಂಡ್. ನಿಜವಾದ ಸಮಯ 8 ನಿಮಿಷ 35 ಸೆಕೆಂಡ್. ಐದು ಸೆಕೆಂಡಿನಲ್ಲಿ ಕೆಲಸ ಹೋಯಿತು. ನಾನು ಮೊದಲಿಗೆ ಹೇಳಿದ ಹತ್ತು ಸೆಕೆಂಡು ಇದೇ. ಮೈದಾನದಲ್ಲಿ ನಿಂತ ಅಧಿಕಾರಿ ನಿಮ್ಮ ವಾಚನ್ನು ನೋಡುವುದಿಲ್ಲ. ನೆಲದ ಮೇಲೆ ಎಳೆದ ಗೆರೆಯನ್ನು ನೋಡುತ್ತಾನೆ.

ದೊಡ್ಡ ಓಟಗಳಲ್ಲಿ ಭಾಗವಹಿಸಿದವರಿಗೆ ಇನ್ನೊಂದು ಅನುಭವ ಆಗಿರುತ್ತದೆ. 10 ಕಿಲೋಮೀಟರ್ ಓಟದ ಕೊನೆಯ ಗೆರೆ ಇನ್ನೂ ದೂರವಿರುವಾಗಲೇ ವಾಚು 10 ಕಿಲೋಮೀಟರ್ ಮುಗಿಯಿತೆಂದು ಕೂಗುತ್ತದೆ. ಆಯೋಜಕರು ತಪ್ಪು ಅಳೆದಿದ್ದಾರೆ ಎಂದು ಓಟಗಾರ ಜಗಳಕ್ಕೆ ನಿಲ್ಲುತ್ತಾನೆ. ಆದರೆ ಅಂತಾರಾಷ್ಟ್ರೀಯ ನಿಯಮದಂತೆ ರಸ್ತೆ ಓಟದ ದಾರಿಯನ್ನು ವಿಶೇಷ ಎಣಿಕೆ ಯಂತ್ರ ಜೋಡಿಸಿದ ಸೈಕಲ್‌ನಿಂದ, ತಿರುವುಗಳಲ್ಲಿ ಅತ್ಯಂತ ಹತ್ತಿರದ ಗೆರೆಯನ್ನು ಹಿಡಿದು ಅಳೆಯುತ್ತಾರೆ. ದಾರಿ ಕಡಿಮೆಯಾಗಬಾರದೆಂದು ಪ್ರತಿ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆಯನ್ನೇ ಸೇರಿಸುತ್ತಾರೆ. ಜನಜಂಗುಳಿಯಲ್ಲಿ ಆಚೀಚೆ ಸರಿಯುತ್ತಾ ಓಡುವ ನಾವು ಆ ಹತ್ತಿರದ ಗೆರೆಗಿಂತ ಹೆಚ್ಚೇ ಓಡಿರುತ್ತೇವೆ. ಅದರ ಮೇಲೆ ವಾಚಿನ ತಪ್ಪೂ ಸೇರುತ್ತದೆ. ಆದ್ದರಿಂದ ಗುರಿ ತಲುಪಿದ್ದೇನೆಂದು ವಾಚು ಹೇಳಿದ ಮಾತ್ರಕ್ಕೆ ಕಾಲು ನಿಲ್ಲಿಸಬಾರದು.

ವಾಚನ್ನು ಸರಿಯಾಗಿ ಬಳಸುವ ಬಗೆ

ಹಾಗಾದರೆ ವಾಚು ಬೇಡವೇ? ಖಂಡಿತ ಬೇಕು. ಗುರುವಿಲ್ಲದ ಊರಿನಲ್ಲಿ ಒಬ್ಬನೇ ಓಡುವ ಹುಡುಗನಿಗೆ ಅದು ಒಳ್ಳೆಯ ಜೊತೆಗಾರ. ನಿನ್ನೆಗಿಂತ ಇಂದು ಹೇಗಿದ್ದೇನೆ ಎಂದು ತಿಂಗಳುಗಟ್ಟಲೆ ಲೆಕ್ಕ ಇಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಬಳಸುವ ಬಗೆ ಮಾತ್ರ ತಿಳಿದಿರಬೇಕು.

ಮೊದಲನೆಯದು, ಹೊರಡುವ ಮುನ್ನ ತೆರೆದ ಜಾಗದಲ್ಲಿ ನಿಂತು ಸಂಕೇತ ಸಿಗುವವರೆಗೆ ಕಾಯಿರಿ. ಪ್ರತಿ ಉಪಗ್ರಹ ತನ್ನ ಪಥದ ವಿವರವನ್ನು 30 ಸೆಕೆಂಡಿಗೊಮ್ಮೆ ಕಳುಹಿಸುತ್ತದೆ. ಅದು ಪೂರ್ತಿ ಸಿಗುವ ಮೊದಲೇ ಓಡತೊಡಗಿದರೆ ಮೊದಲ ಕೆಲವು ನೂರು ಮೀಟರುಗಳ ಲೆಕ್ಕ ಕೆಡುತ್ತದೆ. ಆ ಒಂದೆರಡು ನಿಮಿಷದಲ್ಲಿ ಕೈಕಾಲು ಸಡಿಲಿಸಿಕೊಳ್ಳಿ.

ಎರಡನೆಯದು, ಪ್ರತಿ ಸೆಕೆಂಡಿಗೂ ದಾಖಲಿಸುವ ಆಯ್ಕೆ ವಾಚಿನಲ್ಲಿದ್ದರೆ ಅದನ್ನೇ ಇಟ್ಟುಕೊಳ್ಳಿ. ಬ್ಯಾಟರಿ ಉಳಿಸಲು ಬಿಂದುಗಳನ್ನು ಬಿಟ್ಟು ಬಿಟ್ಟು ದಾಖಲಿಸುವ ಆಯ್ಕೆಯಲ್ಲಿ ತಿರುವುಗಳು ತುಂಡಾಗುತ್ತವೆ.

ಮೂರನೆಯದು, ಓಡುತ್ತಿರುವಾಗ ‘ಈ ಕ್ಷಣದ ವೇಗ’ ಎಂದು ಕಾಣುವ ಅಂಕಿಯ ಹಿಂದೆ ಬೀಳಬೇಡಿ. ಅದು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಅದನ್ನು ನೋಡಿ ನೀವೂ ಏರಿಳಿದರೆ ದಮ್ಮು ಕೆಡುತ್ತದೆ. ಒಂದು ಸುತ್ತಿನ ಅಥವಾ ಒಂದು ಕಿಲೋಮೀಟರಿನ ಸರಾಸರಿಯನ್ನು ನೋಡಿ.

ನಾಲ್ಕನೆಯದೇ ಮುಖ್ಯವಾದದ್ದು. ಪರೀಕ್ಷೆಯ ತಯಾರಿಯ ಓಟವನ್ನು ಅಳತೆಯಾದ ಮೈದಾನದಲ್ಲೇ ಓಡಿ. ಅಲ್ಲಿ ವಾಚಿನ ದೂರವನ್ನು ಮರೆತುಬಿಡಿ, ಅದರ ಸಮಯವನ್ನು ಮಾತ್ರ ನಂಬಿ. ಗೆರೆ ದಾಟುವಾಗಲೆಲ್ಲ ಸುತ್ತಿನ ಗುಂಡಿ ಒತ್ತಿ. 400 ಮೀಟರ್ ಟ್ರ್ಯಾಕಿನಲ್ಲಿ 5 ಕಿಲೋಮೀಟರ್ ಎಂದರೆ ಹನ್ನೆರಡೂವರೆ ಸುತ್ತು. 24 ನಿಮಿಷಕ್ಕೆ ಮುಗಿಯಬೇಕಾದರೆ ಪ್ರತಿ ಸುತ್ತಿಗೆ 1 ನಿಮಿಷ 55 ಸೆಕೆಂಡ್. 1.6 ಕಿಲೋಮೀಟರ್ ಎಂದರೆ ನಾಲ್ಕು ಸುತ್ತು, ಎಂಟೂವರೆ ನಿಮಿಷಕ್ಕೆ ಪ್ರತಿ ಸುತ್ತಿಗೆ 2 ನಿಮಿಷ 7 ಸೆಕೆಂಡ್. ಈ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಓಡುವುದು ಒಳಗಿನ ಮೊದಲ ಪಥದಲ್ಲೇ ಇರಲಿ. ಎಂಟನೆಯ ಪಥದ ಒಂದು ಪೂರ್ಣ ಸುತ್ತು 400 ಅಲ್ಲ, ಸುಮಾರು 453 ಮೀಟರ್.

ಐದನೆಯದು, ಎಲ್ಲ ದಿನವೂ ಪರೀಕ್ಷೆಯ ವೇಗದಲ್ಲಿ ಓಡಬಾರದು. ಹುಡುಗರು ಮಾಡುವ ದೊಡ್ಡ ತಪ್ಪೆಂದರೆ ದಿನಾಲೂ ಗಡಿಯಾರದ ಜೊತೆ ಗುದ್ದಾಡುವುದು. ವಾರದಲ್ಲಿ ಒಂದು ದಿನ 400 ಮೀಟರಿನ ವೇಗದ ಓಟಗಳು ನಡುನಡುವೆ ವಿಶ್ರಾಂತಿಯೊಂದಿಗೆ, ಒಂದು ದಿನ ನಿಧಾನವಾದ ದೂರದ ಓಟ, ಒಂದೆರಡು ದಿನ ಹಗುರವಾದ ಓಟ, ಉಳಿದ ದಿನ ವಿಶ್ರಾಂತಿ, ಇಷ್ಟಿದ್ದರೆ ಸಾಕು. ಹಗುರವಾದ ಓಟವೆಂದರೆ ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತನಾಡುತ್ತಾ ಓಡಲು ಸಾಧ್ಯವಾಗಬೇಕು. ವಾಚಿನ ದೊಡ್ಡ ಉಪಯೋಗವೇ ಇಲ್ಲಿದೆ. ಬೇಗ ಓಡಿಸುವುದಕ್ಕಿಂತ ಹೆಚ್ಚಾಗಿ ಅದು ನಮ್ಮನ್ನು ನಿಧಾನಗೊಳಿಸಲು ಕಲಿಸುತ್ತದೆ.

ಆರನೆಯದು ಎದೆಬಡಿತದ ಅಂಕಿ. ವಾಚಿನ ಅಡಿಯಲ್ಲಿರುವ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ನೋಡಿ ಬಡಿತವನ್ನು ಅಂದಾಜು ಮಾಡುತ್ತದೆ. ಪಟ್ಟಿ ಸಡಿಲವಾಗಿದ್ದರೆ, ಕೈ ಜೋರಾಗಿ ಬೀಸಿದರೆ ಅಂದಾಜು ತಪ್ಪುತ್ತದೆ. ಎದೆಗೆ ಕಟ್ಟುವ ಪಟ್ಟಿಯ ಅಳತೆ ಇದಕ್ಕಿಂತ ವಾಸಿ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತ ಸಿಗುತ್ತದೆ ಎಂಬುದು ಸ್ಥೂಲವಾದ ಲೆಕ್ಕ, ಒಬ್ಬೊಬ್ಬರಲ್ಲಿ ಹತ್ತಕ್ಕೂ ಹೆಚ್ಚು ಬಡಿತಗಳ ವ್ಯತ್ಯಾಸ ಇರಬಹುದು. ಎದೆನೋವು ಬಂದರೆ, ತಲೆ ಸುತ್ತಿದರೆ ವಾಚಿನಲ್ಲಿ ಏನೇ ಕಾಣಲಿ, ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ರಮಝಾನಿನ ಬಗ್ಗೆಯೂ ಒಂದು ಮಾತು. ಉಪವಾಸದ ದಿನಗಳಲ್ಲಿ ಅಭ್ಯಾಸವನ್ನು ಪೂರ್ತಿ ಬಿಡಬೇಕಾಗಿಲ್ಲ, ಆದರೆ ಕಡಿಮೆ ಮಾಡಬೇಕು. ಇಫ್ತಾರಿಗೆ ಸ್ವಲ್ಪ ಮುಂಚೆ ಹಗುರವಾದ ಓಟ, ಅಥವಾ ತರಾವೀಹ್ ನಂತರ ಸ್ವಲ್ಪ ಅಭ್ಯಾಸ ಸಾಕು. ಬಿಸಿಲಿನಲ್ಲಿ ಓಡಬಾರದು. ‘ನಿನ್ನೆಗಿಂತ ಹಿಂದೆ ಬಿದ್ದಿದ್ದೀರಿ’ ಎಂದು ವಾಚು ಎಚ್ಚರಿಸಿದರೆ ಅದಕ್ಕೆ ಕಿವಿಗೊಡಬೇಡಿ. ನೀವು ಉಪವಾಸದಲ್ಲಿದ್ದೀರಿ ಎಂಬುದು ಆ ಯಂತ್ರಕ್ಕೆ ಗೊತ್ತಿಲ್ಲ. ಅದೇ ರೀತಿ ನಮ್ಮ ಕರಾವಳಿಯ ಸೆಕೆಯಲ್ಲಿ ಓಡಿದ ಸಮಯವನ್ನು ಚಳಿಗಾಲದ ಬೆಳಗಿನ ಸಮಯಕ್ಕೆ ಹೋಲಿಸಿ ಬೇಸರಪಡುವುದೂ ಸರಿಯಲ್ಲ.

ಯಾರು ನೋಡುತ್ತಿದ್ದಾರೆ?

ವಾಚು ಉಪಗ್ರಹಕ್ಕೆ ನಮ್ಮ ಜಾಗವನ್ನು ತಿಳಿಸುತ್ತದೆ ಎಂಬ ತಪ್ಪು ತಿಳುವಳಿಕೆ ಅನೇಕ ಪೋಷಕರಲ್ಲಿದೆ. ಹಾಗಿಲ್ಲ. ಜಿಪಿಎಸ್ ವಿಷಯದಲ್ಲಿ ವಾಚು ಕೇಳುಗ ಮಾತ್ರ, ಅದು ಉಪಗ್ರಹಕ್ಕೆ ಏನನ್ನೂ ಕಳುಹಿಸುವುದಿಲ್ಲ. ಅಪಾಯವಿರುವುದು ಆಮೇಲೆ, ಓಟದ ದಾಖಲೆಯನ್ನು ಮೊಬೈಲ್ ಮೂಲಕ ಅಂತರ್ಜಾಲಕ್ಕೆ ಏರಿಸಿ ಎಲ್ಲರಿಗೂ ತೋರಿಸುವಾಗ. ಸ್ಟ್ರಾವಾ ಎಂಬ ಸಂಸ್ಥೆ 2017ರ ನವೆಂಬರಿನಲ್ಲಿ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಸೇರಿಸಿ ಪ್ರಪಂಚದ ಭೂಪಟವೊಂದನ್ನು ಪ್ರಕಟಿಸಿತು. ಸೈನಿಕರು ವ್ಯಾಯಾಮಕ್ಕೆಂದು ಓಡಿದ ಗೆರೆಗಳಿಂದ ಅಫ್ಘಾನಿಸ್ತಾನ, ಸಿರಿಯಾ ಮುಂತಾದ ಕಡೆಗಳ ಸೇನಾ ನೆಲೆಗಳ ಆಕಾರವೇ ಅದರಲ್ಲಿ ಕಾಣುತ್ತದೆ ಎಂದು 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಗುರುತಿಸಿದ. ಪ್ರಪಂಚದ ದೊಡ್ಡ ಸೇನೆಗಳಿಗೇ ಹೀಗಾದರೆ, ದಿನಾಲೂ ಒಂದೇ ಹೊತ್ತಿಗೆ ಒಂದೇ ಮನೆಯಿಂದ ಹೊರಡುವ ನಮ್ಮ ಹುಡುಗಿಯ ದಾರಿ ಎಷ್ಟು ಜನರಿಗೆ ತಿಳಿಯಬಹುದು ಎಂದು ಯೋಚಿಸಿ.

ಇದರ ಅರ್ಥ ಹುಡುಗಿಯರು ಓಡಬಾರದು ಎಂದಲ್ಲ. ಮೊಬೈಲಿನಲ್ಲಿ ಖಾತೆಯನ್ನು ಖಾಸಗಿಯಾಗಿ ಇಡುವ, ಮನೆಯ ಸುತ್ತಲಿನ ಭಾಗವನ್ನು ಮರೆಮಾಡುವ, ಓಟದ ದಾರಿಯನ್ನು ಯಾರಿಗೂ ತೋರಿಸದಿರುವ ಆಯ್ಕೆಗಳಿವೆ. ಖಾತೆ ತೆರೆದ ದಿನವೇ ಅವನ್ನು ಹೊಂದಿಸಿಕೊಳ್ಳಬೇಕು. ಇದು ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ಮೊರೊಕ್ಕೊದ ನವಾಲ್ ಅಲ್ ಮುತವಕ್ಕಿಲ್ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಆ ಸ್ಪರ್ಧೆ ಇಟ್ಟದ್ದೇ ಅದು ಮೊದಲ ಸಲ. ಆಗ ಯಾವ ಓಟಗಾರರ ಕೈಯಲ್ಲೂ ಇಂಥ ವಾಚು ಇರಲಿಲ್ಲ. ಅಳೆದ ಮೈದಾನ, ಗಡಿಯಾರ, ಕಲಿಸುವವರು ಮತ್ತು ಬೆನ್ನಿಗೆ ನಿಂತ ಮನೆಯವರು, ಓಟಗಾರ್ತಿಗೆ ಮೊದಲು ಬೇಕಾದದ್ದು ಇವು.

ಇನ್ನೊಂದು ಎಚ್ಚರ ನಮ್ಮ ಮನಸ್ಸಿನ ಬಗ್ಗೆ. ಓಡಿ ಬಂದ ಕೂಡಲೇ ಅಂಕಿಗಳ ಚಿತ್ರ ತೆಗೆದು ಎಲ್ಲರಿಗೂ ಕಳುಹಿಸುವ ಚಟ ಹತ್ತಿಕೊಳ್ಳುತ್ತದೆ. ಶ್ಲಾಘನೆ ಬಂದರೆ ಸಂತೋಷ, ಬಾರದಿದ್ದರೆ ಬೇಸರ. ಕ್ರಮೇಣ ಓಟ ದೇಹಕ್ಕಾಗಿ ಅಲ್ಲ, ಪ್ರದರ್ಶನಕ್ಕಾಗಿ ಎಂಬಂತಾಗುತ್ತದೆ. ತೋರಿಕೆಯ ಈ ರೋಗಕ್ಕೆ ನಮ್ಮ ಹಿರಿಯರು ‘ರಿಯಾ’ ಎಂಬ ಹೆಸರಿಟ್ಟು ಎಚ್ಚರಿಸುತ್ತಲೇ ಬಂದಿದ್ದಾರೆ. ದಾಖಲೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಿನಾಂಕ, ದೂರ, ಸಮಯ, ಹವೆ, ನಿದ್ದೆ, ಮೈ ಹೇಗಿತ್ತು ಎಂಬ ಒಂದು ಸಾಲು, ಇಷ್ಟು ಸಾಕು. 2020ರ ಜುಲೈಯಲ್ಲಿ ಗಾರ್ಮಿನ್ ಕಂಪನಿಯ ಕಂಪ್ಯೂಟರ್‌ಗಳ ಮೇಲೆ ದುಷ್ಕರ್ಮಿಗಳ ದಾಳಿಯಾಗಿ ಹಲವು ದಿನ ಸೇವೆ ನಿಂತುಹೋಗಿತ್ತು. ನೋಟ್‌ಬುಕ್ಕಿಗೆ ಅಂಥ ದಾಳಿಯ ಭಯವಿಲ್ಲ.

ಪೋಷಕರಿಗೂ ಸಂಘಕ್ಕೂ ಒಂದು ವಿನಂತಿ

ಈ ವಾಚುಗಳ ಬೆಲೆ ಕೆಲವು ಸಾವಿರ ರೂಪಾಯಿಯಿಂದ ಲಕ್ಷದವರೆಗೂ ಇದೆ. ಮಗ ಹಠ ಹಿಡಿದನೆಂದು ಸಾಲ ಮಾಡಿ ತೆಗೆಸಿಕೊಡಬೇಡಿ. ಅಗ್ಗದ ಕೆಲವು ಪಟ್ಟಿಗಳಲ್ಲಿ ಜಿಪಿಎಸ್ ಇರುವುದೇ ಇಲ್ಲ, ಅವು ಜೇಬಿನ ಮೊಬೈಲಿನಿಂದ ಮಾಹಿತಿ ಎರವಲು ಪಡೆಯುತ್ತವೆ. ಕೊಳ್ಳುವ ಮುನ್ನ ಅದನ್ನು ವಿಚಾರಿಸಿಕೊಳ್ಳಿ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ಆರಂಭಕ್ಕೆ ಅದೇ ಸಾಕು. ಅದೂ ಇಲ್ಲದವನಿಗೆ ಅಳತೆಯಾದ ಮೈದಾನ ಮತ್ತು ಸಾಮಾನ್ಯ ಗಡಿಯಾರ ಇದ್ದರೆ ಪರೀಕ್ಷೆಯ ತಯಾರಿಗೆ ಏನೇನೂ ಕೊರತೆಯಾಗದು. ಮೊದಲು ಬೇಕಾದದ್ದು ಒಳ್ಳೆಯ ಶೂ, ಹೊಟ್ಟೆಗೆ ಊಟ, ಕಣ್ಣಿಗೆ ನಿದ್ದೆ.

ಇನ್ನು ಸಂಘದ ಮುಂದೆ ನಾನು ಮೂರು ಸಲಹೆಗಳನ್ನು ಇಡುತ್ತೇನೆ.

ಒಂದು, ನಮ್ಮ ಶಾಲೆಯ ಮೈದಾನದಲ್ಲಿ ಸರಿಯಾಗಿ ಅಳೆದ 200 ಮೀಟರಿನ ಪಥವೊಂದನ್ನು ಹಾಕಿಸೋಣ. ಲೆಕ್ಕ ಕಷ್ಟವಲ್ಲ. ಎರಡು ನೇರ ಭಾಗಗಳು 40 ಮೀಟರಿನಂತೆ 80 ಮೀಟರ್. ಉಳಿದ 120 ಮೀಟರ್ ಎರಡು ಅರ್ಧವೃತ್ತಗಳಿಗೆ. ಸುಣ್ಣದ ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಓಟದ ದೂರವನ್ನು ಅಳೆಯುವುದು ಕ್ರಮ, ಆದ್ದರಿಂದ ಗೆರೆಯ ತ್ರಿಜ್ಯ 18.90 ಮೀಟರ್ ಇರಬೇಕು. ಉಕ್ಕಿನ ಟೇಪು, ಎರಡು ಗೂಟ, ಒಂದು ಹಗ್ಗ ಇದ್ದರೆ ಹತ್ತನೆಯ ತರಗತಿಯ ಮಕ್ಕಳೇ ಗಣಿತದ ಮೇಷ್ಟರ ಜೊತೆ ಒಂದು ಬೆಳಿಗ್ಗೆಯಲ್ಲಿ ಮಾಡಿ ಮುಗಿಸಬಹುದು. ಅದರ ಮೇಲೆ 25 ಸುತ್ತು ಓಡಿದರೆ 5 ಕಿಲೋಮೀಟರ್, 8 ಸುತ್ತು ಓಡಿದರೆ 1.6 ಕಿಲೋಮೀಟರ್. ಯಾವ ಉಪಗ್ರಹದ ಹಂಗೂ ಬೇಡ.

ಎರಡು, ದಾನಿಗಳ ನೆರವಿನಿಂದ ಎರಡು ಮೂರು ವಾಚುಗಳನ್ನು ಕೊಂಡು ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡೋಣ. ಮನೆಮನೆಗೊಂದು ವಾಚು ಬೇಕಾಗಿಲ್ಲ. ಅದೇ ವಾಚನ್ನು ಅಳೆದ ಪಥದಲ್ಲಿ ಓಡಿಸಿ ನೋಡಿ, ಅದು ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡೋಣ.

ಮೂರು, ಫಜ್ರ್ ನಮಾಝಿನ ಬಳಿಕ ಹುಡುಗರಿಗೆ, ಸಂಜೆ ಶಾಲೆ ಬಿಟ್ಟ ಮೇಲೆ ಶಿಕ್ಷಕಿಯರ ಜೊತೆ ಹುಡುಗಿಯರಿಗೆ ಮೈದಾನದ ಸಮಯವನ್ನು ಗೊತ್ತುಪಡಿಸೋಣ. ಹೆಣ್ಣುಮಕ್ಕಳ ಸಮಯವನ್ನು ಉಳಿದ ಕಾರ್ಯಕ್ರಮಗಳಿಗೆ ಬಿಟ್ಟುಕೊಡುವಂತಾಗಬಾರದು. ಹಾಜರಿ ಪುಸ್ತಕವಿರಲಿ. ಲಿಖಿತ ಪರೀಕ್ಷೆಯ ತರಗತಿಗೆ ಕೊಡುವಷ್ಟೇ ಮಹತ್ವವನ್ನು ಇದಕ್ಕೂ ಕೊಡೋಣ.

ವಿದ್ಯಾರ್ಥಿಗಳೇ, ಕೊನೆಯದಾಗಿ ನಿಮಗೊಂದು ಮಾತು. ಯಂತ್ರ ಕೊಡುವ ಅಂಕಿಯನ್ನು ನೋಡಿ ಹಿಗ್ಗುವುದು, ಕುಗ್ಗುವುದು ಎರಡೂ ಸುಲಭ. ಆ ಅಂಕಿ ಎಲ್ಲಿಂದ ಬಂತು, ಎಷ್ಟರ ಮಟ್ಟಿಗೆ ನಿಜ ಎಂದು ಕೇಳುವವನು ಮಾತ್ರ ವಿದ್ಯಾವಂತ. ಓಟದಲ್ಲಿ ಈ ಪ್ರಶ್ನೆ ಕೇಳಲು ಕಲಿತವನು ನಾಳೆ ಪ್ರಯೋಗಶಾಲೆಯಲ್ಲಿ, ಲೆಕ್ಕಪತ್ರದಲ್ಲಿ, ಪತ್ರಿಕೆಯ ಸುದ್ದಿಯಲ್ಲಿ ಕೂಡ ಕೇಳುತ್ತಾನೆ. ನಿಮ್ಮ ವಾಚು ತಪ್ಪಬಹುದು, ಗೆರೆ ತಪ್ಪುವುದಿಲ್ಲ. ಗೆರೆಗಾಗಿ ತಯಾರಾಗಿ. ಪರೀಕ್ಷೆಯ ಮಿತಿ 24 ನಿಮಿಷವಾದರೆ ನಿಮ್ಮ ಮೈದಾನದ ಸಮಯ 23 ನಿಮಿಷವಿರಲಿ. ಹತ್ತು ಸೆಕೆಂಡಿಗಾಗಿ ಯಾರ ಮುಂದೆಯೂ ಕೈಚಾಚುವ ಸ್ಥಿತಿ ನಿಮಗೆ ಬಾರದಿರಲಿ.

ನಮಗೆ ಒಪ್ಪಿಸಲಾದ ಆರೋಗ್ಯವನ್ನೂ ಸಮಯವನ್ನೂ ಕಾಪಾಡಿಕೊಂಡು ಒಳಿತಿನ ಕಡೆಗೆ ಧಾವಿಸುವ ಶಕ್ತಿಯನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ, ಆಮೀನ್.